ಚಿತ್ರದ ಮೇಲೇ ಬಣ್ಣದ ಹೆಸರು ಬರೆದಿಟ್ಟ ಎಡ್ವರ್ಡ್ ಲಿಯರ್

(ಪಾಡ್‌ಕಾಸ್ಟ್‌ನ ಅಕ್ಷರ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇವೆ.)

ಇವತ್ತು ಶುರು ಮಾಡೋದಕ್ಕೆ ಮುಂಚೆ ಫೋನ್ ಗ್ಯಾಲರಿ ತೆಗೆದು, ಯಾವುದಾದರೂ ಟ್ರಿಪ್‌ನ ಒಂದು ಫೋಟೋ ನೋಡಿ. ಅದರ ಡೀಟೇಲ್ಸ್‌ಗೆ ಹೋದರೆ ತಾರೀಖು ಇರುತ್ತೆ, ಗಂಟೆ-ನಿಮಿಷ ಇರುತ್ತೆ, ಲೊಕೇಶನ್ ಆನ್ ಇದ್ದರೆ ಊರಿನ ಹೆಸರೂ ಇರುತ್ತೆ. ಜೊತೆಗೆ ಫೈಲಿಗೊಂದು ನಂಬರ್. ಇದ್ಯಾವುದನ್ನೂ ನಾವು ಬರೆದಿಲ್ಲ, ಫೋನೇ ಬರ್ಕೊಂಡಿದೆ.

ಈಗ 1867ಕ್ಕೆ ಹೋಗೋಣ. ಈಜಿಪ್ಟಿನ ನೈಲ್ ನದಿ ಮೇಲೆ ಒಂದು ದೋಣಿ. ಅದರಲ್ಲಿ ಗಡ್ಡ ಬಿಟ್ಟ, ದಪ್ಪ ಕನ್ನಡಕದ, 54 ವರ್ಷದ ಒಬ್ಬ ಇಂಗ್ಲಿಷ್ ಮನುಷ್ಯ ಕೂತಿದ್ದಾನೆ. ಮಡಿಲಲ್ಲಿ ಹಾಳೆ, ಕೈಯಲ್ಲಿ ಪೆನ್ಸಿಲ್. ದಡದ ಗುಡ್ಡ, ಖರ್ಜೂರದ ಮರದ ಸಾಲು ಎರಡೂ ಕೆಲವೇ ನಿಮಿಷದಲ್ಲಿ ಹಾಳೆ ಮೇಲೆ ಬಂದುಬಿಡ್ತವೆ. ಮೂಲೆಯಲ್ಲಿ ಜಾಗದ ಹೆಸರು, ತಾರೀಖು, ಗಂಟೆ, ನಿಮಿಷ ಮತ್ತು ಒಂದು ನಂಬರ್ ಬರೀತಾನೆ. ಆಮೇಲೆ ಚಿತ್ರದ ಒಳಗೇ ಗುಡ್ಡದ ಮೇಲೆ ಒಂದು ಪದ, ಮರಳಿನ ಮೇಲೆ ಒಂದು ಪದ, ಆಕಾಶದಲ್ಲಿ ಇನ್ನೊಂದು ಪದ. ಅವೆಲ್ಲ ಬಣ್ಣದ ಹೆಸರುಗಳು. ಬಣ್ಣ ಮಾತ್ರ ಇನ್ನೂ ಹಾಕಿಲ್ಲ.

ಈತನ ಹೆಸರು ಎಡ್ವರ್ಡ್ ಲಿಯರ್. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ಈತ ಬೇರೆ ದಾರಿಯಿಂದ ಗೊತ್ತಿರಬಹುದು. ಗೂಬೆಯೂ ಬೆಕ್ಕೂ ಹಸಿರು ದೋಣಿ ಹತ್ತಿ ಸಮುದ್ರಕ್ಕೆ ಹೋಗೋ ಮಕ್ಕಳ ಪದ್ಯ ಇದೆಯಲ್ಲ, ಅದನ್ನ ಬರೆದವನು ಇವನೇ. ಲಿಮರಿಕ್ ಅನ್ನೋ ಐದು ಸಾಲಿನ ತಮಾಷೆ ಪದ್ಯವನ್ನ ಮನೆಮಾತು ಮಾಡಿದ್ದೂ ಇವನೇ. ಆದರೆ ಲಿಯರ್ ಹೊಟ್ಟೆಪಾಡಿಗೆ ಮಾಡ್ತಿದ್ದ ಕೆಲಸ ನಿಸರ್ಗಚಿತ್ರ. ಊರೂರು ಸುತ್ತಿ ಬೆಟ್ಟ, ಕಣಿವೆ, ಹಾಳುಬಿದ್ದ ದೇವಾಲಯ, ಕೋಟೆ, ನದಿ ಇವನ್ನೆಲ್ಲ ಬರೆಯೋದು. ಇವತ್ತಿನ ಎಪಿಸೋಡ್ ಆ ಪ್ರಯಾಣದ ಜಲವರ್ಣ ಚಿತ್ರಗಳ ಬಗ್ಗೆ, ಅಂದರೆ ವಾಟರ್‌ಕಲರ್‌ಗಳ ಬಗ್ಗೆ.

ನಾನು ಇವುಗಳನ್ನ ಮೊದಲು ನೋಡಿದಾಗ, ಅಲ್ಲೇ ಕೂತು ಬರೆದು ಮುಗಿಸಿದ ಚಿತ್ರ ಅಂದ್ಕೊಂಡಿದ್ದೆ. ಅಷ್ಟು ತಾಜಾ ಅನ್ಸುತ್ತೆ. ಅದು ಅರ್ಧ ತಪ್ಪು ಅಂತ ಆಮೇಲೆ ಗೊತ್ತಾಯ್ತು.

ಗಿಳಿಯಿಂದ ಬೆಟ್ಟಕ್ಕೆ

ಲಿಯರ್ ಹುಟ್ಟಿದ್ದು 1812ರಲ್ಲಿ, ಲಂಡನ್ನಿನ ಹಾಲೋವೇನಲ್ಲಿ. ಮನೆಯಲ್ಲಿ 21 ಮಕ್ಕಳು, ಇವನು ಇಪ್ಪತ್ತನೆಯವನು. ಅಪ್ಪನ ವ್ಯವಹಾರ ಮುರಿದುಬಿತ್ತು. ಇವನಿಗಿಂತ 21 ವರ್ಷ ದೊಡ್ಡವಳಾದ ಅಕ್ಕ ಆನ್ ಇವನನ್ನ ಸಾಕಿದಳು. ಹೆಚ್ಚುಕಮ್ಮಿ ಅವಳೇ ಇವನಿಗೆ ತಾಯಿ.

ಚಿಕ್ಕಂದಿನಿಂದಲೂ ಅಪಸ್ಮಾರ ಇತ್ತು, ಅಂದರೆ ಫಿಟ್ಸ್. ಆ ಕಾಲದಲ್ಲಿ ಅದು ಹೇಳಿಕೊಳ್ಳೋ ಕಾಯಿಲೆ ಆಗಿರಲಿಲ್ಲ. ಬದುಕಿರೋವರೆಗೂ ಹತ್ತಿರದ ಸ್ನೇಹಿತರಿಂದಲೂ ಮುಚ್ಚಿಟ್ಟ. ಡೈರಿಯಲ್ಲಿ ಮಾತ್ರ, ಫಿಟ್ಸ್ ಬಂದ ದಿನ ಒಂದು ಇಂಟು ಗುರುತು ಹಾಕ್ತಿದ್ದ. ಇದರ ಜೊತೆಗೆ ಆಸ್ತಮಾ, ದೃಷ್ಟಿದೋಷ, ಆಗಾಗ ಮುತ್ತಿಕೊಳ್ಳೋ ಖಿನ್ನತೆ.

18ನೇ ವಯಸ್ಸಿಗೆ ಲಂಡನ್ನಿನ ಮೃಗಾಲಯದಲ್ಲಿ ಕೂತು ಗಿಳಿಗಳ ಚಿತ್ರ ಬರೆಯೋಕೆ ಶುರು ಮಾಡಿದ. 1830ರಿಂದ 1832ರ ನಡುವೆ 42 ಚಿತ್ರಫಲಕಗಳು ಬಂದವು. ಸತ್ತ ಹಕ್ಕಿಯೊಳಗೆ ಹುಲ್ಲು ತುಂಬಿ ನಿಲ್ಲಿಸಿ ಬರೆಯೋದು ಆಗ ರೂಢಿ. ಲಿಯರ್ ಮಾತ್ರ ಆದಷ್ಟೂ ಜೀವಂತ ಗಿಳಿಯನ್ನೇ ಎದುರಿಗಿಟ್ಟುಕೊಂಡು ಬರೀತಿದ್ದ. ಬ್ರೆಜಿಲ್‌ನ ಒಂದು ಕಡುನೀಲಿ ಮಕಾವ್ ಗಿಳಿಗೆ ಇವತ್ತಿಗೂ ಲಿಯರ್ ಹೆಸರಿದೆ. ಆಮೇಲೆ ಡರ್ಬಿ ಪ್ರಭುವಿನ ಖಾಸಗಿ ಪ್ರಾಣಿಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ಆ ಮನೆಯ ಮಕ್ಕಳನ್ನ ನಗಿಸೋಕೆ ಬರೆದ ಪದ್ಯಗಳೇ ಮುಂದೆ 1846ರಲ್ಲಿ ಪುಸ್ತಕವಾಗಿ ಬಂದಿದ್ದು.

ಹಕ್ಕಿಯ ಗರಿ ಒಂದೊಂದನ್ನೂ ಬಿಡಿಸಿ ಬರೆಯೋ ಕೆಲಸ ಕಣ್ಣನ್ನ ಹಾಳು ಮಾಡ್ತಾ ಬಂತು. ಇಂಗ್ಲೆಂಡಿನ ಚಳಿ ಎದೆಗೆ ಆಗಿಬರಲಿಲ್ಲ. 1837ರಲ್ಲಿ ರೋಮ್‌ಗೆ ಹೊರಟ. ಅಲ್ಲಿಂದಾಚೆಗೆ ಇಂಗ್ಲೆಂಡಿಗೆ ಹೋಗ್ತಾ ಬರ್ತಾ ಇದ್ದನೇ ಹೊರತು ಅಲ್ಲಿ ನೆಲೆ ನಿಲ್ಲಲಿಲ್ಲ. ಇಟಲಿ, ಗ್ರೀಸ್, ಅಲ್ಬೇನಿಯಾ, ಈಜಿಪ್ಟ್, ಪ್ಯಾಲೆಸ್ತೀನ್, ಕಾರ್ಸಿಕಾ ಎಲ್ಲ ಸುತ್ತಿದ. ಇಟಲಿ ಬಗ್ಗೆ ಇವನ ಪುಸ್ತಕ ನೋಡಿ ವಿಕ್ಟೋರಿಯಾ ರಾಣಿ 1846ರಲ್ಲಿ ಕರೆಸಿಕೊಂಡು ಹನ್ನೆರಡು ಡ್ರಾಯಿಂಗ್ ಪಾಠ ಹೇಳಿಸಿಕೊಂಡಿದ್ದೂ ಉಂಟು. ಅದರಿಂದ ಬದುಕು ಬದಲಾಯಿತು ಅಂತೇನೂ ಇಲ್ಲ, ಬಿಡಿ.

ಒಂದು ಹಾಳೆ ತಯಾರಾಗೋ ರೀತಿ

ಈಗ ಅಸಲು ವಿಷಯ. ಲಿಯರ್ ಕೆಲಸ ಮಾಡೋದನ್ನ ಕಣ್ಣಾರೆ ನೋಡಿ ಬರೆದಿಟ್ಟ ಒಬ್ಬರಿದ್ದಾರೆ: ಹ್ಯೂಬರ್ಟ್ ಕಾಂಗ್ರೀವ್. ಇಟಲಿಯ ಸ್ಯಾನ್ ರೆಮೋದಲ್ಲಿ ಲಿಯರ್ ಮನೆ ಕಟ್ಟಿಕೊಂಡಾಗ ಪಕ್ಕದ ಮನೆಯ ಹುಡುಗ. ಅವನು ಹೇಳೋ ಪ್ರಕಾರ, ಲಿಯರ್ ಒಂದು ಜಾಗ ಆರಿಸಿ ಕೂತ ತಕ್ಷಣ ಪೆನ್ಸಿಲ್ ಮುಟ್ಟುತ್ತಿರಲಿಲ್ಲ. ಕನ್ನಡಕವನ್ನ ಹಣೆಗೆ ಏರಿಸಿ, ಜೇಬಿನ ದುರ್ಬೀನು ತೆಗೆದು, ಎದುರಿನ ದೃಶ್ಯವನ್ನ ಹಲವು ನಿಮಿಷ ಸುಮ್ಮನೆ ನೋಡ್ತಿದ್ದ. ಆಮೇಲೆ ದುರ್ಬೀನು ಕೆಳಗಿಟ್ಟು, ಕನ್ನಡಕ ಇಳಿಸಿ ಬರೆಯೋಕೆ ಶುರು ಮಾಡಿದರೆ ಬೆಟ್ಟದ ಸಾಲು, ಹಳ್ಳಿ, ಮುಂದಿನ ಪೊದೆ ಎಲ್ಲ ಒಂದೇ ಓಟದಲ್ಲಿ ಬಂದುಬಿಡ್ತಿದ್ದವು. ಆ ವೇಗ ನೋಡಿ ಹುಡುಗ ದಂಗಾಗಿದ್ದ.

ಪೆನ್ಸಿಲ್ ಗೆರೆ ಆದ ಮೇಲೆ ಪದಗಳು. ಎಲ್ಲಿ ಯಾವ ಬಣ್ಣ, ಎಷ್ಟು ಗಾಢ, ಎಲ್ಲಿ ನೆರಳು, ಆ ಗೀಟು ದಾರಿಯೋ ತೊರೆಯೋ, ಆ ಚುಕ್ಕೆ ಕುರಿಯೋ ಕಲ್ಲೋ ಎಲ್ಲವನ್ನೂ ಹಾಳೆಯ ಮೇಲೇ ಬರೀತಿದ್ದ. ಸ್ಪೆಲಿಂಗ್ ಕೂಡ ತಲೆಹರಟೆಯದು. ರಾಕ್ಸ್ ಅಂತ ಬರೆಯೋಕೆ ಆರ್-ಓ-ಎಕ್ಸ್ ಅಂತ ಬರೆದು ಮುಗಿಸೋದು. ನಾವು ವಾಟ್ಸಾಪ್‌ನಲ್ಲಿ ಮಾಡೋ ಚಾಳಿ ಅದು.

ಆಮೇಲೆ ಸಂಜೆ ಹೋಟೆಲ್‌ನಲ್ಲೋ ಟೆಂಟಿನಲ್ಲೋ, ಇಲ್ಲಾಂದರೆ ತಿಂಗಳುಗಳು ಕಳೆದು ಚಳಿಗಾಲದಲ್ಲಿ ಮನೆಯಲ್ಲಿ ಕೂತು, ಮಾಸುವ ಪೆನ್ಸಿಲ್ ಗೆರೆ ಮೇಲೆ ಕಂದು ಶಾಯಿಯಲ್ಲಿ ತಿದ್ದುತ್ತಿದ್ದ. ತಿದ್ದುವಾಗ ಬಣ್ಣದ ಹೆಸರುಗಳನ್ನೂ ಶಾಯಿಯಲ್ಲೇ ತಿದ್ದುತ್ತಿದ್ದ, ಅಳಿಸುತ್ತಿರಲಿಲ್ಲ. ಕೊನೆಗೆ ಆ ಪದಗಳನ್ನ ಓದಿಕೊಂಡು ಬಣ್ಣ ಹಚ್ಚೋದು. ಹೀಗಾಗಿ, ಸಾವಿರ ಮೈಲಿ ದೂರದ ಗುಡ್ಡಕ್ಕೆ ಬಣ್ಣ ಬರೋ ಹೊತ್ತಿಗೆ ಆ ಗುಡ್ಡ ಕಣ್ಣೆದುರು ಇರ್ತಿರಲಿಲ್ಲ. ತನ್ನದೇ ಕೈಬರಹ ಇರ್ತಿತ್ತು.

ಅಲ್ಲೇ ಯಾಕೆ ಬಣ್ಣ ಹಾಕಬಾರದು ಅಂತ ನೀವು ಕೇಳಬಹುದು. ಬಣ್ಣವನ್ನ ಹೊತ್ತುಕೊಂಡು ಹೋಗೋದು ಆ ಕಾಲಕ್ಕೆ ಸುಲಭವೇ ಆಗಿತ್ತು. 1830ರ ದಶಕದ ಹೊತ್ತಿಗೆ, ನೀರು ಸೋಕಿಸಿದರೆ ಸಾಕು ಅನ್ನುವಂಥ ಮೆತ್ತನೆ ಬಣ್ಣದ ಬಿಲ್ಲೆಗಳು ಇಂಗ್ಲೆಂಡಿನ ಅಂಗಡಿಗೆ ಬಂದಿದ್ದವು. ಅದಕ್ಕೂ ಮುಂಚೆ ಗಟ್ಟಿ ಬಿಲ್ಲೆಯನ್ನ ಗಂಧ ತೇದ ಹಾಗೆ ತೇಯಬೇಕಿತ್ತು. ತೊಂದರೆ ಇರೋದು ಹೊತ್ತಿನದು. ವಾಟರ್‌ಕಲರ್‌ನಲ್ಲಿ ಬೆಳಕು ಬರೋದು ಕೆಳಗಿನ ಕಾಗದದಿಂದ. ಬಣ್ಣ ಪಾರದರ್ಶಕ, ಬಿಳಿ ಕಾಗದ ಅದರ ಮೂಲಕ ಹೊಳೀಬೇಕು. ತಿಳಿಬಣ್ಣ ಮೊದಲು ಹಚ್ಚಿ, ಒಣಗೋಕೆ ಬಿಟ್ಟು, ಅದರ ಮೇಲೆ ಇನ್ನೊಂದು ಪದರ, ಮತ್ತೆ ಒಣಗಿಸೋದು. ಒಮ್ಮೆ ಕಪ್ಪಿಟ್ಟರೆ ಹಿಂದಕ್ಕೆ ಬರೋದು ಕಷ್ಟ. ಮರುಭೂಮಿಯ ಬಿಸಿಲಲ್ಲಿ ಕುಂಚದ ನೀರು ಹಾಳೆಗೆ ಹರಡೋ ಮುಂಚೆ ಒಣಗುತ್ತೆ. ದೋಣಿ ನಿಲ್ಲೋದಿಲ್ಲ. ಸುತ್ತ ಜನ ಸೇರ್ತಾರೆ. ಸೂರ್ಯ ಮುಳುಗೋ ಹೊತ್ತಿನ ಬಣ್ಣವಂತೂ ಐದು ನಿಮಿಷಕ್ಕೆ ಬೇರೆ. ಅಷ್ಟರಲ್ಲಿ ಪೆನ್ಸಿಲ್‌ನಲ್ಲಿ ಒಂದು ಪದ ಬರೆಯೋಕೆ ಎರಡು ಸೆಕೆಂಡ್ ಸಾಕು.

ನನ್ನದೊಂದು ಊಹೆಯೂ ಇದೆ, ಊಹೆ ಅಂತಲೇ ತಗೊಳ್ಳಿ. ಯಾವ ಹೊತ್ತಿಗೆ ಫಿಟ್ಸ್ ಬರುತ್ತೋ ಅಂತ ಕಾಯ್ತಾ ಬದುಕಿದವನು, ಕಣ್ಣು ಮಂಜಾಗ್ತಾ ಇದ್ದವನು, ಕಂಡದ್ದನ್ನ ಆದಷ್ಟು ಬೇಗ ಕಾಗದದ ಮೇಲೆ ಭದ್ರ ಮಾಡಿಕೊಳ್ಳೋಕೆ ನೋಡಿರಬಹುದು. ಇವನು ಡೈರಿಯನ್ನೂ ದಿನ ತಪ್ಪಿಸದೆ ಬರೆದವನು. ಹಾಳೆ ಮೇಲಿನ ಗಂಟೆ-ನಿಮಿಷವನ್ನ ನೋಡಿದರೆ ನನಗೆ ಆ ಡೈರಿಯೇ ನೆನಪಾಗೋದು.

ಬಣ್ಣಕ್ಕೆ ಪದ ಸಾಕಾಗುತ್ತಾ?

ಇಲ್ಲಿ ಒಂದು ಒಳ್ಳೆ ಪ್ರಶ್ನೆ ಬರುತ್ತೆ. ನೀಲಿ ಅಂತ ಬರೆದರೆ ಯಾವ ನೀಲಿ? ಕನ್ನಡದಲ್ಲಿ ನಾವು ಇದಕ್ಕೆ ವಸ್ತುವಿನ ಹೆಸರು ಅಂಟಿಸ್ತೀವಿ. ಗಿಳಿಹಸಿರು, ಬೂದಿಬಣ್ಣ, ಇಟ್ಟಿಗೆ ಕೆಂಪು. ಮನುಷ್ಯರಿಗಾದರೆ ಗೋಧಿಬಣ್ಣ, ಎಣ್ಣೆಗೆಂಪು. ಸೀರೆ ಅಂಗಡಿಗೆ ಅಮ್ಮನ ಜೊತೆ ಹೋಗಿದ್ದರೆ ಈ ಲಿಸ್ಟ್ ಇನ್ನೂ ಉದ್ದ ಆಗುತ್ತೆ.

ಲಿಯರ್ ಜೊತೆಗಿದ್ದ ಒಬ್ಬನಿಗೆ ಈ ವಿದ್ಯೆ ಚೆನ್ನಾಗಿ ಗೊತ್ತಿತ್ತು. ಜಾರ್ಜಿಯೋ ಕೊಕಾಲಿ ಅಂತ, ಕಾರ್ಫು ದ್ವೀಪದವನು. 1856ರಲ್ಲಿ ಕೆಲಸಕ್ಕೆ ಸೇರಿ 1883ರಲ್ಲಿ ಸಾಯೋವರೆಗೂ, 27 ವರ್ಷ, ಅಡುಗೆ ಮಾಡಿ, ಸಾಮಾನು ಹೊತ್ತು, ಊರೂರಿಗೆ ಲಿಯರ್ ಜೊತೆ ನಡೆದವನು. 1858ರಲ್ಲಿ ಇಬ್ಬರೂ ಪೆಟ್ರಾಗೆ ಹೋದರು, ಇವತ್ತಿನ ಜೋರ್ಡಾನ್‌ನಲ್ಲಿರೋ, ಬಂಡೆಯಲ್ಲೇ ಕೊರೆದ ಆ ಊರು. ಅಲ್ಲಿನ ಕಲ್ಲಿನ ಬಣ್ಣ ನೋಡಿ ಜಾರ್ಜಿಯೋ, ಚಾಕೊಲೇಟು, ಹಂದಿಮಾಂಸ, ಕರಿ ಪೌಡರು, ಸಾಲ್ಮನ್ ಮೀನು ಇವುಗಳ ಲೋಕಕ್ಕೇ ಬಂದುಬಿಟ್ಟಿದ್ದೀವಿ ಅಂದನಂತೆ. ಅಡುಗೆಯವನ ಕಣ್ಣು! ಪೆಟ್ರಾದ ಫೋಟೋ ಒಮ್ಮೆ ನೋಡಿ, ನಾಲ್ಕೂ ಬಣ್ಣ ಅಲ್ಲಿವೆ. ಅಲ್ಲಿ ಇವರ ಸುತ್ತ ದೊಡ್ಡ ಗುಂಪು ಸೇರಿ ದುಡ್ಡಿಗೆ ಗಲಾಟೆ ಆಯ್ತು. ಲಿಯರ್ ಜೇಬಿನಲ್ಲಿದ್ದ ನಾಣ್ಯ, ಕರವಸ್ತ್ರ, ಕೊನೆಗೆ ಬೇಯಿಸಿದ ಮೊಟ್ಟೆಯನ್ನೂ ಬಿಡದೆ ಕಿತ್ತುಕೊಂಡರು. ಪುಣ್ಯಕ್ಕೆ ಚಿತ್ರಗಳು ಉಳಿದವು.

ಪದ ನೋಡಿ ಬಣ್ಣ ಹಾಕೋ ಈ ಪದ್ಧತಿಯನ್ನ ಎಲ್ಲರೂ ಒಪ್ಪುತ್ತಿರಲಿಲ್ಲ. 1852ರಲ್ಲಿ ಲಿಯರ್, ತನಗಿಂತ 15 ವರ್ಷ ಚಿಕ್ಕವನಾದ ವಿಲಿಯಂ ಹೋಲ್ಮನ್ ಹಂಟ್ ಬಳಿ ತೈಲವರ್ಣ ಕಲಿಯೋಕೆ ಹೋದ. ಹಂಟ್ ಪ್ರಿ-ರಾಫೆಲೈಟ್ ಗುಂಪಿನವನು, ಎದುರಿಗಿರೋದನ್ನ ಎದುರಿಗಿಟ್ಟುಕೊಂಡೇ ಬರೀಬೇಕು ಅನ್ನೋ ಪಂಥ. ಬರೀ ಗೆರೆ ಮತ್ತು ಟಿಪ್ಪಣಿ ಇರೋ ಇಂಥ ಹಾಳೆಗಳಿಂದ ದೊಡ್ಡ ಚಿತ್ರ ಕಟ್ಟೋದು ತನ್ನ ಕೈಲಾಗದು ಅಂತ ಅವನು ಹೇಳಿಬಿಟ್ಟ. ಲಿಯರ್ ಆ ಮಾತನ್ನ ಮನಸ್ಸಿಗೆ ಹಚ್ಚಿಕೊಂಡ. ಹಂಟ್‌ನನ್ನ ತಮಾಷೆಗೆ ಅಪ್ಪಾಜಿ ಅನ್ನೋ ಅರ್ಥದಲ್ಲಿ ಡ್ಯಾಡಿ ಅಂತ ಕರೀತಾ, ಹೊರಗೆ ಕೂತು ದೊಡ್ಡ ತೈಲಚಿತ್ರ ಬರೆಯೋ ಅಭ್ಯಾಸಕ್ಕೆ ಇಳಿದ.

ಫಲ ಏನಾಯ್ತು? ಲೆಬನಾನ್‌ನ ದೇವದಾರು ಮರಗಳ ಒಂದು ಭಾರೀ ತೈಲಚಿತ್ರ ಬರೆದು 700 ಗಿನಿ ಬೆಲೆ ಇಟ್ಟ. ಲಂಡನ್ನಿನ ಪ್ರದರ್ಶನದಲ್ಲಿ ಅದಕ್ಕೆ ಸರಿಯಾದ ಜಾಗವೂ ಸಿಗಲಿಲ್ಲ. ವರ್ಷಗಟ್ಟಲೆ ಕೊಳ್ಳೋರಿಲ್ಲದೆ, ಕೊನೆಗೆ 1867ರಲ್ಲಿ ಮೂರನೇ ಒಂದು ಭಾಗಕ್ಕೂ ಕಡಿಮೆ ಬೆಲೆಗೆ ಹೋಯ್ತು.

ಹೊಟ್ಟೆಪಾಡಿಗೆ ಇನ್ನೊಂದು ದಾರಿ ಹುಡುಕಿದ. ಇದನ್ನ ಕೇಳಿದರೆ ಕಲಾವಿದ ಅನ್ನೋ ಪದದ ಮೇಲೆ ನಮಗಿರೋ ರೊಮ್ಯಾನ್ಸ್ ಸ್ವಲ್ಪ ಇಳಿಯುತ್ತೆ. 1862-63ರ ಚಳಿಗಾಲದಲ್ಲಿ, ಕಾರ್ಫುನಲ್ಲಿ ಕೂತು, ಹಳೆಯ ಪ್ರವಾಸದ ಹಾಳೆಗಳನ್ನ ಆಧಾರ ಮಾಡಿಕೊಂಡು ಮಾರೋದಕ್ಕೆ ಅಂತ 60 ಜಲವರ್ಣ ಒಟ್ಟಿಗೆ ಹಿಡಿದ. ಮೊದಲು 60ಕ್ಕೂ ಗೆರೆ. ಆಮೇಲೆ ಸಾಲಾಗಿ ಜೋಡಿಸಿ 60ಕ್ಕೂ ಒಂದು ಬಣ್ಣ, ಮತ್ತೆ 60ಕ್ಕೂ ಇನ್ನೊಂದು. ಹಪ್ಪಳ ಒತ್ತಿದ ಹಾಗೆ. ಅವಕ್ಕೆ ಅವನೇ ಇಟ್ಟ ಅಡ್ಡಹೆಸರು ಟೈರಂಟ್ಸ್, ಅಂದರೆ ಪೀಡಕರು. ಅವು ಕೆಟ್ಟ ಚಿತ್ರಗಳೇನಲ್ಲ, ಆದರೆ ನಯವಾಗಿ, ಕೊಳ್ಳೋರ ಗೋಡೆಗೆ ಒಪ್ಪೋ ಹಾಗೆ ಇವೆ. ಅವುಗಳ ಮೇಲೆ ಬಣ್ಣದ ಹೆಸರು ಇಲ್ಲ, ಗಂಟೆ-ನಿಮಿಷ ಇಲ್ಲ. ಪಕ್ಕದಲ್ಲಿ ಆ ಪ್ರವಾಸದ ಕಚ್ಚಾ ಹಾಳೆ ಇಟ್ಟು ನೋಡಿದರೆ ನಾನಂತೂ ಪ್ರತಿ ಸಲ ಕಚ್ಚಾ ಹಾಳೆಯನ್ನೇ ಎತ್ತಿಕೊಳ್ತೀನಿ. ಲಿಯರ್ ದೃಷ್ಟಿಯಲ್ಲಿ ಮಾತ್ರ ಅದು ಗೋದಾಮಿನ ಸರಕು. ಮುಂದೆ ಬೇಕಾದಾಗ ತೆಗೆದು, ನೋಡಿ, ಬೇರೆ ಚಿತ್ರ ಬರೆಯೋಕೆ.

ಭಾರತದ 14 ತಿಂಗಳು

ಭಾರತಕ್ಕೆ ಬರೋದು ಲಿಯರ್‌ನ ಹಳೆಯ ಆಸೆ. ಸ್ನೇಹಿತ ಲಾರ್ಡ್ ನಾರ್ತ್‌ಬ್ರೂಕ್ 1872ರಲ್ಲಿ ವೈಸ್‌ರಾಯ್ ಆದಾಗ ದಾರಿ ತೆರೀತು. ಆ ವರ್ಷವೇ ಹೊರಟು ಸೂಯೆಜ್‌ವರೆಗೆ ಬಂದು, ಅಲ್ಲಿಂದ ವಾಪಸ್ ಹೋದ! ಮತ್ತೆ ಧೈರ್ಯ ಮಾಡಿ 1873ರ ನವೆಂಬರ್‌ನಲ್ಲಿ ಮುಂಬೈಗೆ ಇಳಿದ. ವಯಸ್ಸು 61, ಜೊತೆಗೆ ಜಾರ್ಜಿಯೋ.

ಭಾರತ ಹೇಗಿರುತ್ತೆ ಅಂತ ಇಂಗ್ಲೆಂಡಿನವರಿಗೆ ಒಂದು ಚಿತ್ರ ಮೊದಲೇ ಇತ್ತು. ಅದನ್ನ ಕೊಟ್ಟವರು ಥಾಮಸ್ ಮತ್ತು ವಿಲಿಯಂ ಡ್ಯಾನಿಯಲ್, 18ನೇ ಶತಮಾನದ ಕೊನೆಯಲ್ಲಿ ಇಲ್ಲಿ ಸುತ್ತಿ ಹೋಗಿ, ಮುದ್ರಿತ ಚಿತ್ರಗಳನ್ನ ತಂದವರು. ಲಿಯರ್ ಕೂಡ ಅವನ್ನ ನೋಡಿಯೇ ಬೆಳೆದವನು. ಕಾಶಿ ಅಂದರೆ ಮಂಕಾದ, ಬೂದುಬಣ್ಣದ, ಗಂಭೀರವಾದ ಊರು ಅಂತ ಅವನ ತಲೆಯಲ್ಲಿ ಕೂತಿತ್ತು. ಡಿಸೆಂಬರ್‌ನಲ್ಲಿ ಘಾಟ್‌ಗಳ ಎದುರು ದೋಣಿಯಲ್ಲಿ ಕೂತಾಗ ಆ ಚಿತ್ರ ಒಡೆದುಹೋಯ್ತು. ಬಣ್ಣ, ಗದ್ದಲ, ಓಡಾಟ, ಕಣ್ಣು ಕುಕ್ಕುವ ಬೆಳಕು. ಇಂಥ ಉಲ್ಲಾಸದ ಊರನ್ನ ಯಾಕೆ ಹಾಗೆ ಪೇಲವವಾಗಿ ಬರೆದರು ಅಂತ ಡೈರಿಯಲ್ಲಿ ಅಚ್ಚರಿಪಟ್ಟ. ಇನ್ನೊಬ್ಬರ ಚಿತ್ರ ನೋಡಿ ಬೆಳೆದ ಕಣ್ಣನ್ನ ಅಲ್ಲೇ ತಿದ್ದಿಕೊಂಡಿದ್ದು ಅವನ ಭಾರತ ಪ್ರವಾಸದಲ್ಲಿ ನನಗೆ ತುಂಬಾ ಇಷ್ಟವಾದ ಗಳಿಗೆ.

ಎಲ್ಲ ಕಡೆ ಹಾಗೇ ಆಗಲಿಲ್ಲ. 1874ರ ಜನವರಿಯಲ್ಲಿ ಡಾರ್ಜಿಲಿಂಗ್‌ಗೆ ಹೋದ, ವೈಸ್‌ರಾಯ್‌ಗೆ ಕಾಂಚನಜುಂಗಾ ಪರ್ವತದ ಚಿತ್ರ ಬೇಕಿತ್ತು. ಮುಂಜಾನೆ ಗುಲಾಬಿ ಬಣ್ಣಕ್ಕೆ ತಿರುಗೋ ಆ ಶಿಖರ ಇವನನ್ನ ಬೆರಗುಗೊಳಿಸಿದ್ದು ನಿಜ. ಆದರೆ ಅದು ಆಪ್ತವಾಗೋ ಬೆಟ್ಟ ಅಲ್ಲ ಅನ್ನಿಸಿತು. ತುಂಬಾ ದೂರ, ತುಂಬಾ ದೈವೀ. ಇಟಲಿಯ ಬೆಟ್ಟವನ್ನ ನಡೆದು ಸುತ್ತಬಹುದು, ಇದನ್ನ ಬರೀ ನೋಡಬೇಕು. ಕೊನೆಗೆ ದೊಡ್ಡ ತೈಲಚಿತ್ರ ಒಂದಲ್ಲ, ಮೂರು ಆದವು, ಬೇರೆ ಬೇರೆ ಮೂವರಿಗೆ. ಮುಂದೆ ದಟ್ಟ ಹಸಿರು, ಸಣ್ಣ ಮನುಷ್ಯರು, ನಡುವೆ ಮಂಜು ತುಂಬಿದ ಕಣಿವೆ, ಹಿಂದೆ ಹಿಮದ ಗೋಡೆ. ಹಾಳೆ ಮೇಲಿನ ಟಿಪ್ಪಣಿಯೇ ಅಲ್ಲೂ ಆಧಾರ.

ಪದಗಳ ಹುಚ್ಚು ಇಲ್ಲೂ ಬಿಡಲಿಲ್ಲ. ಬ್ರಿಟಿಷರ ಬಂಗಲೆಗಳಲ್ಲಿ ಕಿವಿಗೆ ಬಿದ್ದ ಹಿಂದೂಸ್ತಾನಿ ಪದಗಳನ್ನೆಲ್ಲ ಸೇರಿಸಿ 'ದ ಕಮ್ಮರ್‌ಬಂಡ್' ಅಂತ ಒಂದು ತಮಾಷೆ ಪದ್ಯ ಬರೆದ. 1874ರ ಜುಲೈನಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಅಚ್ಚಾಯ್ತು. ಅದರಲ್ಲಿ ಧೋಬಿ ಅಂದರೆ ಕೂರೋ ಪೀಠ, ಖಾನ್ಸಾಮ ಅಂದರೆ ಎತ್ತರದ ಮರ, ಕಮ್ಮರ್‌ಬಂಡ್ ಅಂದರೆ ಮನುಷ್ಯರನ್ನ ನುಂಗೋ ಭೂತ! ಓದಿದರೆ ನಗು ಬರುತ್ತೆ. ಆದರೆ ಬಟ್ಟೆ ಒಗೆದು, ಅಡುಗೆ ಮಾಡಿ ಬದುಕೋ ಜನ ಆ ಪದ್ಯದಲ್ಲಿ ಕುರ್ಚಿ, ಮರ ಆಗಿಬಿಟ್ಟಿದ್ದಾರೆ ಅನ್ನೋದೂ ಕಣ್ಣಿಗೆ ಬೀಳುತ್ತೆ.

ಹೈದರಾಬಾದ್, ಗೋಲ್ಕೊಂಡ ನೋಡಿಕೊಂಡು 1874ರ ಆಗಸ್ಟ್‌ನಲ್ಲಿ ಲಿಯರ್ ನಮ್ಮ ಬೆಂಗಳೂರಿಗೂ ಬಂದ. ಲಾಲ್‌ಬಾಗ್ ನೋಡಿ ಮನಸೋತ. ಲಂಡನ್ನಿನ ಪ್ರಸಿದ್ಧ ಕ್ಯೂ ಉದ್ಯಾನಕ್ಕೆ ಹೋಲಿಸಿ, ಹೂಗಳನ್ನ, ಮೆಟ್ಟಿಲುಮೆಟ್ಟಿಲಾದ ಅಂಗಳಗಳನ್ನ, ಬಳ್ಳಿ ಹಬ್ಬಿದ ಚಪ್ಪರಗಳನ್ನ ಹೊಗಳಿದ. ಅಲ್ಲಿ ಕಾಡುಪ್ರಾಣಿಗಳೂ ಇದ್ದವು ಅಂತ ಬರ್ಕೊಂಡಿದ್ದಾನೆ. ಹೌದು, ಆಗ ಲಾಲ್‌ಬಾಗ್‌ನಲ್ಲಿ ಪ್ರಾಣಿಸಂಗ್ರಹವೂ ಇತ್ತು. ಇವತ್ತು ಫಲಪುಷ್ಪ ಪ್ರದರ್ಶನಕ್ಕೆ ನಾವು ಕ್ಯೂ ನಿಲ್ಲೋ ಗಾಜಿನ ಮನೆ ಮಾತ್ರ ಇನ್ನೂ ಕಟ್ಟಿರಲಿಲ್ಲ.

ಈ ಹಾಳೆಗಳಲ್ಲಿ ಕಾಣದ ಒಂದು ವಿಷಯ ಹೇಳಲೇಬೇಕು. ಲಿಯರ್ ವೈಸ್‌ರಾಯ್‌ನ ಅತಿಥಿ. ಅವನು ಉತ್ತರದಲ್ಲಿ ಸುತ್ತುತ್ತಿದ್ದ ಅದೇ 1873-74ರಲ್ಲಿ ಬಿಹಾರದಲ್ಲಿ ಬರ ಬಂದಿತ್ತು, ನಾರ್ತ್‌ಬ್ರೂಕ್ ಸರ್ಕಾರ ಬರ್ಮಾದಿಂದ ಅಕ್ಕಿ ತರಿಸಿ ಹಂಚುತ್ತಿತ್ತು. ಅವನು ಬೆಂಗಳೂರಿನ ಹೂ ಹೊಗಳಿ ಹೋದ ಎರಡೇ ವರ್ಷಕ್ಕೆ, 1876ರಿಂದ 78ರವರೆಗೆ, ಮೈಸೂರು ಸೀಮೆಯನ್ನ ಭೀಕರ ಕ್ಷಾಮ ಹೊಡೀತು. ನಮ್ಮ ಕಡೆ ಧಾತು ಸಂವತ್ಸರದ ಬರ ಅಂತ ಹಿರಿಯರು ನೆನೆಸಿಕೊಳ್ತಿದ್ದದ್ದು ಅದನ್ನೇ. ಮುಂದಾಗೋದು ಚಿತ್ರಕಾರನಿಗೆ ಗೊತ್ತಿರೋಕೆ ಸಾಧ್ಯವಿಲ್ಲ, ಸರಿ. ಆದರೂ ಅವನ ಚಿತ್ರಗಳಲ್ಲಿ ಮರ ದೊಡ್ಡದು, ಮನುಷ್ಯ ಚಿಕ್ಕವನು. ದೃಶ್ಯದ ಎತ್ತರ ತೋರಿಸೋಕೆ ಇಟ್ಟ ಅಳತೆಕೋಲಿನ ಹಾಗೆ. ಅಂದಿನ ಭಾರತ ಹೀಗೇ ಇತ್ತು ಅಂತ ಇವನ್ನ ಫಾರ್ವರ್ಡ್ ಮಾಡೋ ಮುಂಚೆ ಇಷ್ಟು ಗೊತ್ತಿರಲಿ.

ಆಮೇಲೆ ಮದ್ರಾಸು, ಮಹಾಬಲಿಪುರ, ತಂಜಾವೂರು, ನೀಲಗಿರಿ, ಮಲಬಾರು, ಸಿಲೋನು. ಸಿಲೋನಿನಲ್ಲಿ ಜಾರ್ಜಿಯೋಗೆ ರಕ್ತಭೇದಿ ಹತ್ತಿ ಜೀವಕ್ಕೇ ಬಂತು. ಮತ್ತೆ ಮಲಬಾರಿನ ಕಡೆ ಬಂದಾಗ ಲಿಯರ್‌ಗೇ ಬೆನ್ನು ಹಿಡೀತು. 1875ರ ಜನವರಿಯಲ್ಲಿ ಇಬ್ಬರೂ ಹಡಗು ಹತ್ತಿದರು. ಪೆಟ್ಟಿಗೆಯಲ್ಲಿ 500ಕ್ಕೂ ಹೆಚ್ಚು ಚಿತ್ರಗಳು, ಜೊತೆಗೆ ಸಣ್ಣ ಸ್ಕೆಚ್‌ಪುಸ್ತಕಗಳು, ಡೈರಿಗಳು.

ಗೋದಾಮು ಬಾಗಿಲು ತೆರೆದಾಗ

ಕೊನೆಗಾಲದಲ್ಲಿ ಲಿಯರ್‌ಗೆ ಒಂದು ದೊಡ್ಡ ಯೋಜನೆ ಹಿಡಿದಿತ್ತು. ಸ್ನೇಹಿತ, ಕವಿ ಟೆನಿಸನ್‌ನ ಸಾಲುಗಳಿಗೆ ಹೊಂದೋ 200 ನಿಸರ್ಗಚಿತ್ರ. ಅದಕ್ಕೆಂದೇ ನಲವತ್ತು ವರ್ಷದ ಹಾಳೆಗಳನ್ನ ಮತ್ತೆ ಹೊರಗೆ ತೆಗೆದ. ಅದು ಅವನು ಅಂದುಕೊಂಡ ಹಾಗೆ ಮುಗಿಯಲಿಲ್ಲ. 1888ರ ಜನವರಿ 29ರಂದು ಸ್ಯಾನ್ ರೆಮೋದಲ್ಲಿ ತೀರಿಕೊಂಡ. ಮರುವರ್ಷ ಅದರ ಒಂದು ಸಣ್ಣ ಭಾಗ ಪುಸ್ತಕವಾಯ್ತು, 100 ಪ್ರತಿ, ಒಂದೊಂದಕ್ಕೂ ಟೆನಿಸನ್ ಸಹಿ.

ಸಾವಿರಾರು ಹಾಳೆಗಳು ಸ್ನೇಹಿತ ಫ್ರಾಂಕ್ಲಿನ್ ಲಷಿಂಗ್ಟನ್‌ಗೆ ಹೋದವು. ನಲವತ್ತು ವರ್ಷ ಹೆಚ್ಚುಕಮ್ಮಿ ಯಾರ ಕಣ್ಣಿಗೂ ಬೀಳಲಿಲ್ಲ. 1929ರಲ್ಲಿ ಲಂಡನ್ನಿನ ಸದಬಿಸ್ ಹರಾಜಿಗೆ ಬಂದಾಗ ಕಟ್ಟುಗಟ್ಟಲೆ, ಅಗ್ಗವಾಗಿ ಮಾರಾಟವಾದವು. ಫೀಲ್ಡ್ ಮತ್ತು ಹೋಫರ್ ಅನ್ನೋ ಇಬ್ಬರು ಅಮೆರಿಕನ್ ಸಂಗ್ರಾಹಕರು ತಮಗೆ ಸಿಕ್ಕ ರಾಶಿಯನ್ನ ಹಾರ್ವರ್ಡ್‌ಗೆ ಕೊಟ್ಟರು. ಇವತ್ತು ಹಾರ್ವರ್ಡ್‌ನ ಹೌಟನ್ ಲೈಬ್ರರಿಯಲ್ಲಿ ಇಂಥ ಸುಮಾರು 3,500 ಚಿತ್ರಗಳಿವೆ, ಭಾರತದ ಡೈರಿಗಳೂ ಅಲ್ಲೇ ಇವೆ. ಈಗ ಲಿಯರ್ ಚಿತ್ರಕಾರ ಅಂದರೆ ಮ್ಯೂಸಿಯಂಗಳು ಮೊದಲು ತೆಗೆದು ತೋರಿಸೋದು ಈ ಟಿಪ್ಪಣಿ ಹಾಳೆಗಳನ್ನೇ. ಆ 700 ಗಿನಿಯ ದೇವದಾರು ಚಿತ್ರದ ಮಾತು ಬರೋದು ಜೀವನಚರಿತ್ರೆಯಲ್ಲಿ, ಅದೂ ಒಂದು ಬೇಸರದ ಅಧ್ಯಾಯದಲ್ಲಿ.

ಅಲ್ಲಿನ ಬಹಳಷ್ಟು ಹಾಳೆಗಳ ಸ್ಕ್ಯಾನ್ ಆನ್‌ಲೈನ್‌ನಲ್ಲಿ ಸಿಗುತ್ತೆ, ಫ್ರೀ. ಫೋನ್‌ನಲ್ಲೇ ನೋಡಬಹುದು. ಮೊದಲು ಇಡೀ ಚಿತ್ರ ನೋಡಿ, ಆಮೇಲೆ ಎರಡು ಬೆರಳಲ್ಲಿ ಝೂಮ್ ಮಾಡಿ ಕೆಳಗಿನ ಮೂಲೆಗೆ ಹೋಗಿ, ಊರು, ದಿನ, ಹೊತ್ತು, ನಂಬರ್ ಕಾಣುತ್ತೆ. ಅಲ್ಲಿಂದ ನಿಧಾನವಾಗಿ ಬೆಟ್ಟದ ಮೇಲಕ್ಕೆ ಸರಿಸಿ. ತಿಳಿನೀಲಿ ಬಣ್ಣದ ಅಡಿಯಲ್ಲಿ, ಕಂದು ಶಾಯಿಯಲ್ಲಿ, ಅವಸರದ ಕೈಬರಹದಲ್ಲಿ ಒಂದು ಪದ ಸಿಕ್ಕರೆ ಸ್ಕ್ರೀನ್‌ಶಾಟ್ ತೆಗೆದು ನಮಗೆ ಕಳಿಸಿ. ಯಾವ ಬಣ್ಣ ಬರೆದಿದ್ದಾನೆ, ಯಾವ ಬಣ್ಣ ಹಚ್ಚಿದ್ದಾನೆ ಅಂತ ಮುಂದಿನ ಎಪಿಸೋಡ್‌ನ ಶುರುವಲ್ಲಿ ಒಟ್ಟಿಗೆ ನೋಡೋಣ.